ಖೋ ಕೊಡುವ ಮುಂಚೆ ಎದ್ದವಳು

ಈ ಸಂಚಿಕೆಗೆ ಆಟದ ಬಗ್ಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಷ್ಟ್ರು ಹೇಳಿದಾಗ, ಗೆದ್ದ ಕಥೆ ಬರೆಯೋಣ ಅಂದುಕೊಂಡೆ. ಆದರೆ ನಮ್ಮ ತಂಡದ ಹುಡುಗಿಯರು ಗೋಡೆ ಮುಂದೆ ನಿಂತು ಓದಿ ನಗುತ್ತಾರೆ. ಯಾಕೆಂದರೆ ಹೋದ ವರ್ಷ ಕಂಪ್ಲಿಯಲ್ಲಿ ನಾವು ಒಂದೇ ಪಾಯಿಂಟಿನಲ್ಲಿ ಸೋತದ್ದು ನನ್ನಿಂದ. ಅದಕ್ಕೇ ಸೋತದ್ದನ್ನೇ ಬರೆಯುತ್ತೇನೆ.

ಏಳನೇ ತರಗತಿಯಲ್ಲಿ ನನ್ನಷ್ಟು ಜೋರಾಗಿ ಓಡುವವರು ಶಾಲೆಯಲ್ಲಿ ಯಾರೂ ಇರಲಿಲ್ಲ. ಕಾಲು ಉದ್ದ, ಎತ್ತರವೂ ಜಾಸ್ತಿ. ಪಿ.ಟಿ. ಸರ್ ಬೆಳಿಗ್ಗೆ ಆರೂವರೆಗೆ ಕರೆಸಿ, ಸುಣ್ಣದ ಗೆರೆ ಹಾಕಿ, ಚೌಕದಲ್ಲಿ ಕೂಡಿಸಿ, ಖೋ ಅಂದಾಗ ಎದ್ದು ನಾಲ್ಕು ಹೆಜ್ಜೆ ಓಡಿಸುತ್ತಿದ್ದರು. ಐವತ್ತು ಸಲ ಅಷ್ಟೇ. ನನಗೆ ಬೇಜಾರು. ಹೊಟ್ಟೆನೋವು ಅಂತ ಹೇಳಿ ಎಷ್ಟೋ ದಿನ ತಪ್ಪಿಸಿಕೊಂಡಿದ್ದೇನೆ. (ಸರ್, ಇದನ್ನು ಓದಿದರೆ ಕ್ಷಮಿಸಿ.) ಹೇಗೂ ಆಟದಲ್ಲಿ ಎಲ್ಲರನ್ನೂ ಔಟ್ ಮಾಡುತ್ತಿದ್ದೆನಲ್ಲ!

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲನೆಯ ಖೋ ಖೋ ವಿಶ್ವಕಪ್ ಫೈನಲ್ ನಡೆಯಿತು. ನಮ್ಮ ಮಹಿಳಾ ತಂಡ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು, ನಮ್ಮ ಹಾಗೆ ಹಳ್ಳಿಯವರು. ಮಾವನ ಮೊಬೈಲಿನಲ್ಲಿ ಆಟ ನೋಡಿ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಹೋಗಿ, "ಸರ್, ನಮಗೂ ಕಂಬ ಹಿಡಿದು ಡೈವ್ ಹೊಡೆಯೋದು ಕಲಿಸ್ರಿ" ಎಂದೆ. "ಮೊದಲು ಕೂತಲ್ಲಿಂದ ಏಳಾದು ಕಲಿ" ಅಂದರು. ಅವತ್ತು ಬಹಳ ಸಿಟ್ಟು ಬಂತು.

ಕಂಪ್ಲಿಯ ಪಂದ್ಯಕ್ಕೆ ಬರುತ್ತೇನೆ. ಕೊನೆಯ ಅರ್ಧ ನಿಮಿಷ. ಎದುರಾಳಿ ಹುಡುಗಿ ದಣಿದು ನನ್ನ ಎದುರಿನಿಂದಲೇ ಹಾದು ಹೋಗುತ್ತಿದ್ದಾಳೆ. ನನ್ನ ಗೆಳತಿ ಓಡಿಬಂದು ನನ್ನ ಬೆನ್ನ ಹಿಂದೆ ಕೈ ಚಾಚಿದ್ದಾಳೆ. ನನ್ನ ಕಣ್ಣು ಎದುರಾಳಿಯ ಮೇಲೆ. ಬೆನ್ನಿಗೆ ಕೈ ತಾಗಲಿಲ್ಲ, ಖೋ ಕೇಳಲಿಲ್ಲ, ನಾನು ಎದ್ದುಬಿಟ್ಟೆ. ಸೀಟಿ ಊದಿದರು. ಫೌಲ್! ನಿಯಮದಂತೆ ಗೆಳತಿ ಹಿಂದಕ್ಕೆ ತಿರುಗಿ ಓಡಬೇಕಾಯಿತು. ಅಷ್ಟರಲ್ಲಿ ಆ ಹುಡುಗಿ ದೂರ ಹೋದಳು, ಟೈಮೂ ಮುಗಿಯಿತು.

ಬಸ್ಸಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಸರ್ ಬೈಯಲಿಲ್ಲ. ಊರು ಬಂದು ಇಳಿಯುವಾಗ ಒಂದೇ ಮಾತು ಹೇಳಿದರು: "ಏಳನೇ ಕ್ಲಾಸಿನಾಗ ನೀನು ಗೆಲ್ತಿದ್ದದ್ದು ನಿನ್ನ ಎತ್ತರದಿಂದ. ಈಗ ಎಲ್ಲರೂ ಅಷ್ಟೇ ಎತ್ತರ ಆಗ್ಯಾರೆ." ನಾನು ಒಂದು ವಾರ ಮೈದಾನದ ಕಡೆ ಹೋಗಲಿಲ್ಲ. ಅವ್ವನಿಗೂ ಅದೇ ಬೇಕಾಗಿತ್ತು, ಬೆಳಿಗ್ಗೆ ನೀರು ತರಲು ಒಂದು ಕೈ ಸಿಕ್ಕಿತು.

ನಮ್ಮ ಅಜ್ಜ ಹರೆಯದಲ್ಲಿ ಗರಡಿಗೆ ಹೋಗಿದ್ದವನು. ಕಟ್ಟೆಯ ಮೇಲೆ ಕೂತು ಕೇಳಿದ, "ಯಾಕವ್ವ, ಆಟ ಬಿಟ್ಟೇನು?" ಎಲ್ಲ ಹೇಳಿದೆ. ವಸ್ತಾದರು ಅವನಿಗೆ ಆರು ತಿಂಗಳು ಮಣ್ಣು ಹದ ಮಾಡುವುದು, ಬಸ್ಕಿ, ದಂಡ, ಇಷ್ಟೇ ಮಾಡಿಸಿದ್ದರಂತೆ. "ಪಟ್ಟು ಯಾವಾಗರ ಕಲೀಬೌದು. ಕಾಲು ಊರಾಕ ಬರಲಿಲ್ಲಂದ್ರ ಪಟ್ಟು ಹಾಕಿದವನೇ ಕೆಳಗೆ ಬೀಳ್ತಾನ" ಎಂದ. ಅಜ್ಜ ಕುಸ್ತಿಯಲ್ಲಿ ಎಷ್ಟು ಗೆದ್ದಿದ್ದಾನೋ ದೇವರೇ ಬಲ್ಲ. ಆದರೆ ಈಗಲೂ ನೆಲಕ್ಕೆ ಕೈ ಊರದೆ ಎದ್ದು ನಿಲ್ಲುತ್ತಾನೆ.

ಆಮೇಲೆ ಶಾಲೆಯಿಂದ ಹಂಪಿಗೆ ಹೋದೆವು. ಮಹಾನವಮಿ ದಿಬ್ಬದ ಹತ್ತಿರ ಸಮಾಜ ಟೀಚರ್ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದನ್ನು ಹೇಳಿದರು. ಅವನು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದವನು. ಕೃಷ್ಣದೇವರಾಯ ದಿನಾಲೂ ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗುವ ತನಕ ಕತ್ತಿವರಸೆ ಮಾಡುತ್ತಿದ್ದನಂತೆ. ಆಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ಆಗ ಅವನು ಪಟ್ಟಕ್ಕೆ ಬಂದು ಹತ್ತು ವರ್ಷ ದಾಟಿತ್ತು. ನಮ್ಮ ಕ್ಲಾಸಿನ ಹುಡುಗನೊಬ್ಬ, "ರಾಜ ಆದ ಮೇಲೂ ದಿನಾ ಅದನ್ನೇ ಮಾಡ್ಬೇಕಾ ಟೀಚರ್?" ಎಂದು ಕೇಳಿದ. ಎಲ್ಲರೂ ನಕ್ಕರು. ಪಿ.ಟಿ. ಸರ್ ನನ್ನ ಕಡೆ ನೋಡಿ ನಕ್ಕರು.

ಮರುದಿನ ಆರೂವರೆಗೆ ನಾನೂ ಚೌಕದಲ್ಲಿ ಕೂತೆ. ಒಂದು ಪಾದ ಸ್ವಲ್ಪ ಮುಂದೆ, ಹಿಮ್ಮಡಿ ಎತ್ತಿರಬೇಕು, ಕೈ ನೆಲಕ್ಕೆ. ಬೆನ್ನಿಗೆ ಕೈ ತಾಗಿ ಖೋ ಕೇಳಿದ ಮೇಲೇ ಏಳಬೇಕು, ಹಿಡಿದ ದಿಕ್ಕು ಬಿಡಬಾರದು, ನಡುಗೆರೆ ದಾಟಬಾರದು. ಬರೆಯಲು ಎರಡು ಸಾಲು, ಮಾಡಲು ಹೋದರೆ ತೊಡೆ ನಡುಗುತ್ತದೆ. ಎದುರಿಗೆ ಯಾರು ಓಡುತ್ತಿದ್ದರೂ ಕಿವಿ ಬೆನ್ನಿನಲ್ಲಿರಬೇಕು ಅನ್ನುತ್ತಾರೆ ಸರ್. ಕಂಪ್ಲಿಯಲ್ಲಿ ಬೆನ್ನ ಹಿಂದೆ ಕೈ ಚಾಚಿದ್ದ ಗೆಳತಿ ಏಳನೇ ತರಗತಿಯಲ್ಲಿ ನನಗಿಂತ ತುಂಬಾ ನಿಧಾನ. ನಾವು ಆಮೆ ಅಂತ ಕರೆಯುತ್ತಿದ್ದೆವು. ಅವಳು ಮೂರು ವರ್ಷದಲ್ಲಿ ಒಂದು ದಿನವೂ ಅಭ್ಯಾಸ ತಪ್ಪಿಸಿಲ್ಲ. ಈಗ ಮೊದಲ ನಾಲ್ಕು ಹೆಜ್ಜೆಯಲ್ಲಿ ನಾನು ಅವಳನ್ನು ಹಿಡಿಯಲಾರೆ. ಈ ವರ್ಷ ಅವಳೇ ಕ್ಯಾಪ್ಟನ್.

ಡೈವ್ ಇನ್ನೂ ಕಲಿಸಿಲ್ಲ. ನಿನ್ನೆ ಐವತ್ತರಲ್ಲಿ ಎರಡು ಸಲ ಮುಂಚೆಯೇ ಎದ್ದೆ. ಲೆಕ್ಕ ಬರೆಯುವವಳು ಕ್ಯಾಪ್ಟನ್, ಒಂದನ್ನೂ ಬಿಡುವುದಿಲ್ಲ.