ದೇವರಿಗೇ ಪಾಟೀಸವಾಲು ಹಾಕಿದ ರಬ್ಬಿ

ಹಸೀದಿ ಪಂಥದ ಯೆಹೂದಿ ಗುರುಗಳ ಕಥೆಗಳಲ್ಲಿ ಪವಾಡಗಳಿಗೆ ಬರವಿಲ್ಲ. ಪಂಥದ ಮೂಲಪುರುಷ ಬಾಲ್ ಶೆಮ್ ತೋವ್ ಅವರ ಕುದುರೆಗಾಡಿ ಒಂದೇ ರಾತ್ರಿಯಲ್ಲಿ ಎಷ್ಟೋ ಹರದಾರಿ ದಾಟಿಬಿಡುತ್ತದೆ. ಕೇಳಲು ಚೆನ್ನ. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಉಕ್ರೇನಿನ ಬರ್ದಿಚೆವ್ ಊರಿನ ರಬ್ಬಿ ಲೇವಿ ಯಿಟ್ಸಾಕ್ ಅವರ ಹತ್ತಿರ. ಅವರ ಕಥೆಗಳಲ್ಲಿ ಪವಾಡ ಕಡಿಮೆ, ವಕಾಲತ್ತು ಹೆಚ್ಚು. ಕಕ್ಷಿದಾರರು ಊರಿನ ಬಡಪಾಯಿಗಳು. ಎದುರುವಾದಿ ಸಾಕ್ಷಾತ್ ದೇವರು.

ಯೋಮ್ ಕಿಪ್ಪುರ್ ಎಂದರೆ ಯೆಹೂದ್ಯರಿಗೆ ಉಪವಾಸವಿದ್ದು ವರ್ಷದ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳುವ ದಿನ. ಅದು ಮುಗಿದ ಮೇಲೆ ರಬ್ಬಿ ಒಬ್ಬ ದರ್ಜಿಯನ್ನು ಕರೆದು, "ದೇವರ ಹತ್ತಿರ ಏನು ಮಾತಾಡಿದೆ?" ಎಂದು ಕೇಳಿದರಂತೆ. ದರ್ಜಿ ಹೇಳಿದ: "ನನ್ನ ತಪ್ಪುಗಳನ್ನು ಹೇಳಿಕೊಂಡೆ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಇಟ್ಟುಕೊಂಡಿದ್ದೇನೆ. ಊಟಕ್ಕೆ ಮುಂಚೆ ವಿಧಿಯಂತೆ ಕೈ ತೊಳೆಯದೆ ಕೂತಿದ್ದೇನೆ. ಆಮೇಲೆ ಅವನದ್ದನ್ನೂ ಹೇಳಿದೆ. ತಾಯಂದಿರಿಂದ ಕೂಸುಗಳನ್ನು ಕಿತ್ತುಕೊಂಡಿದ್ದೀಯ, ಕೂಸುಗಳಿಂದ ತಾಯಂದಿರನ್ನು ಕಿತ್ತುಕೊಂಡಿದ್ದೀಯ. ನೀನು ನನ್ನನ್ನು ಕ್ಷಮಿಸು, ನಾನು ನಿನ್ನನ್ನು ಕ್ಷಮಿಸುತ್ತೇನೆ, ಲೆಕ್ಕ ಚುಕ್ತಾ ಅಂದೆ."

ರಬ್ಬಿ ಹಣೆ ಚಚ್ಚಿಕೊಂಡರು. "ಇಷ್ಟು ಸುಲಭವಾಗಿ ಯಾಕಪ್ಪಾ ಬಿಟ್ಟುಕೊಟ್ಟೆ? ಇನ್ನೂ ಸ್ವಲ್ಪ ಪಟ್ಟು ಹಿಡಿದಿದ್ದರೆ ನಮ್ಮ ಜನಕ್ಕೆಲ್ಲ ಬಿಡುಗಡೆ ಸಿಗುತ್ತಿತ್ತಲ್ಲ!"

ನಿಂದಾಸ್ತುತಿ ಕೇಳಿ ಬೆಳೆದ ನಮಗೆ ದೇವರನ್ನು ದಬಾಯಿಸುವುದು ಹೊಸದಲ್ಲ. ಪುರಂದರದಾಸರು ವಿಠಲನನ್ನು ಬಿಟ್ಟವರೇ? ಹಾಗಾಗಿ ದರ್ಜಿಯ ಮಾತು ನಮಗೆ ತಕ್ಷಣ ಹಿಡಿಸುತ್ತದೆ. ಆದರೆ ಕಥೆಯ ಜೀವ ರಬ್ಬಿಯ ಮಾತಿನಲ್ಲಿದೆ. ದರ್ಜಿ ತನ್ನ ಖಾತೆಯನ್ನಷ್ಟೇ ತೀರಿಸಿಕೊಂಡು ಎದ್ದುಬಂದ. ಮಿಕ್ಕವರ ಖಾತೆ ಹಾಗೇ ಉಳಿಯಿತಲ್ಲ ಎಂಬ ಸಂಕಟ ರಬ್ಬಿಯದು. ತನ್ನೊಬ್ಬನ ಮುಕ್ತಿಗೆ ತೃಪ್ತಿಪಡುವ ಅಧ್ಯಾತ್ಮ ನನಗೂ ಯಾಕೋ ರುಚಿಸುವುದಿಲ್ಲ.

ಈ ರಬ್ಬಿ ಸುಖದಲ್ಲಿ ಕೂತು ಹೀಗೆ ಮಾತಾಡಿದವರಲ್ಲ. ಹುಟ್ಟಿದ್ದು 1740ರಲ್ಲಿ. 1772ರಲ್ಲಿ ವಿಲ್ನಾದ ವಿದ್ವಾಂಸರು ಹಸೀದಿಗಳಿಗೆ ಬಹಿಷ್ಕಾರ ಹಾಕಿದರು: ಇವರು ಕುಣಿಯುತ್ತಾರೆ, ಕೂಗಾಡಿ ಪ್ರಾರ್ಥಿಸುತ್ತಾರೆ, ಶಾಸ್ತ್ರಾಧ್ಯಯನವನ್ನು ಕಡೆಗಣಿಸುತ್ತಾರೆ ಎಂಬ ದೂರುಗಳು. ಆ ಜಗಳದಲ್ಲಿ ಲೇವಿ ಯಿಟ್ಸಾಕ್ ಮೊದಲು ಝೆಲೆಖುವ್, ಆಮೇಲೆ ಪಿನ್ಸ್ಕ್ ಊರುಗಳ ರಬ್ಬಿ ಪದವಿ ಕಳೆದುಕೊಂಡರು. 1785ರಲ್ಲಿ ಬರ್ದಿಚೆವ್‌ಗೆ ಬಂದವರು 1809ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಸ್ವಂತ ಜನರಿಂದಲೇ ಅಷ್ಟು ಏಟು ತಿಂದವರು ಅದೇ ಜನರ ಮೇಲೆ ಒಂದು ಆರೋಪವನ್ನೂ ಹೊರಿಸದೆ ಬಾಳಿದರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಪೆಸಾಖ್ ಹಬ್ಬದಲ್ಲಿ ಯೆಹೂದ್ಯರ ಮನೆಯಲ್ಲಿ ಹುದುಗು ಬಂದ ರೊಟ್ಟಿಯ ಚೂರೂ ಇರಕೂಡದು. ಹಬ್ಬದ ಹೊತ್ತಿಗೆ ರಬ್ಬಿ ಬೀದಿಯಲ್ಲಿ ಹೋಗುತ್ತ ಕಳ್ಳಮಾಲು ಕೇಳಿದರಂತೆ: ಸುಂಕ ಕಟ್ಟದ ರೇಷ್ಮೆ ಇದೆಯೇ, ಹೊಗೆಸೊಪ್ಪು ಇದೆಯೇ? ಕೇಳಿದ್ದೆಲ್ಲ ಸಿಕ್ಕಿತು. "ಒಂದು ತುಂಡು ರೊಟ್ಟಿ?" ಯಾರ ಮನೆಯಲ್ಲೂ ಇಲ್ಲ. ಆಗ ಆಕಾಶಕ್ಕೆ ಮುಖ ಮಾಡಿ, "ನೋಡಿದೆಯಾ? ಝಾರ್ ದೊರೆಗೆ ಸೈನ್ಯವಿದೆ, ಗಡಿ ಕಾವಲಿದೆ, ಜೈಲಿದೆ. ಆದರೂ ಕಳ್ಳಮಾಲು ಬೇಕಾದಷ್ಟು. ನೀನು ಪೊಲೀಸರಿಲ್ಲದೆ ಬರೀ ಬಾಯಲ್ಲಿ ಬೇಡ ಅಂದೆ. ಒಂದು ಚೂರೂ ಇಲ್ಲ!" ಎಂದರು. ಕಳ್ಳಸಾಗಣೆದಾರರೂ ಅವರ ಕೈಯಲ್ಲಿ ಭಕ್ತಿಗೆ ಸಾಕ್ಷಿಗಳಾದರು.

ಪರರ ಪರವಾಗಿ ವಾದಿಸಬೇಕಾದರೆ ಅವರ ನೋವು ಗೊತ್ತಿರಬೇಕು. ಸಾಸೊವ್ ಊರಿನ ರಬ್ಬಿ ಮೋಶೆ ಲೈಬ್ ಇದನ್ನು ಕಲಿತದ್ದು ಹೆಂಡದಂಗಡಿಯಲ್ಲಿ. ಕುಡಿದ ರೈತನೊಬ್ಬ ಗೆಳೆಯನನ್ನು ಕೇಳುತ್ತಿದ್ದ:

"ನಾನಂದ್ರೆ ನಿಂಗೆ ಇಷ್ಟಾನಾ?"

"ಪ್ರಾಣ ಕಣೋ."

"ನಂಗೇನು ನೋವು ಅಂತ ಗೊತ್ತಾ?"

"ಅದು ನಂಗೆ ಹೆಂಗೆ ಗೊತ್ತಾಗುತ್ತೆ?"

"ಅದೇ ಗೊತ್ತಿಲ್ಲ ಅಂದ್ರೆ ಪ್ರಾಣ ಅಂತ ಯಾಕೆ ಹೇಳ್ತೀಯ?"

ಗೆಳೆಯ ಸುಮ್ಮನಾದ. ಮನುಷ್ಯರನ್ನು ಪ್ರೀತಿಸುವುದು ಹೇಗೆಂದು ತಾನು ಕಲಿತದ್ದು ಆ ರೈತನಿಂದ ಎಂದು ರಬ್ಬಿ ಹೇಳುತ್ತಿದ್ದರು.

ಬರ್ದಿಚೆವ್‌ನ ಮಾತು ಇಲ್ಲಿಗೇ ಬಿಡಲಾಗದು. 1941ರ ಸೆಪ್ಟೆಂಬರಿನಲ್ಲಿ ನಾಜಿಗಳು ಆ ಊರಿನ ಸಾವಿರಾರು ಯೆಹೂದ್ಯರನ್ನು ಗುಂಡಿಗಳ ಅಂಚಿಗೆ ನಡೆಸಿ ಕೊಂದರು. ಅದೇ ಊರಲ್ಲಿ 1905ರಲ್ಲಿ ಹುಟ್ಟಿದ ಕಾದಂಬರಿಕಾರ ವಸೀಲಿ ಗ್ರಾಸ್ಮನ್ ಅವರ ತಾಯಿಯೂ ಸತ್ತವರಲ್ಲಿ ಒಬ್ಬರು. ತಾಯಿಗೆ ಅರ್ಪಿಸಿ ಅವರು ಬರೆದ 'ಲೈಫ್ ಅಂಡ್ ಫೇಟ್' ಕಾದಂಬರಿಯ ಹಸ್ತಪ್ರತಿಯನ್ನು 1961ರಲ್ಲಿ ಸೋವಿಯತ್ ಗುಪ್ತಚರರು ಹೊತ್ತೊಯ್ದರು. ಟೈಪ್‌ರೈಟರಿನ ರಿಬ್ಬನ್ನನ್ನೂ ಬಿಡಲಿಲ್ಲ. ಆ ಕಾದಂಬರಿಯಲ್ಲಿ ತಾಯಿಯೊಬ್ಬಳು ಘೆಟ್ಟೋದಿಂದ ಮಗನಿಗೆ ಬರೆಯುವ ಕೊನೆಯ ಪತ್ರವಿದೆ. ಆಕೆ ಕಣ್ಣಿನ ವೈದ್ಯೆ. ಸಾವು ಖಚಿತವೆಂದು ಗೊತ್ತಿದ್ದೂ ತನ್ನ ಹತ್ತಿರ ಬಂದವರ ಕಣ್ಣು ಪರೀಕ್ಷಿಸುತ್ತಾಳೆ. ಗ್ರಾಸ್ಮನ್ ಹಸೀದಿಯಲ್ಲ, ಮಡಿವಂತನೂ ಅಲ್ಲ. ಆದರೂ ರಬ್ಬಿಗಳ ಕಥೆ ಕೇಳಿದವರಿಗೆಲ್ಲ ನಾನು ಮುಂದೆ ಓದಿ ಎಂದು ಹೇಳುವುದು ಆ ಪತ್ರವನ್ನೇ.