ಕಲ್ಲಿನ ರಥದ ಮುಂದೆ ಅರ್ಧ ಅಜ್ಜಿ

ಹಂಪಿಯಿಂದ ಬಂದು ಮೂರು ವಾರಕ್ಕೆ ಕೊರಿಯರ್ ಬಂತು. ಹತ್ತು ಇಂಚು ಅಗಲ, ಎಂಟು ಇಂಚು ಎತ್ತರದ ಪ್ರಿಂಟ್, ಫ್ರೇಮ್ ಸಮೇತ. ಅಜ್ಜಿ ಕನ್ನಡಕ ಹಾಕ್ಕೊಂಡು ಕಿಟಕಿ ಬೆಳಕಿಗೆ ಹಿಡಿದು ನೋಡಿದರು.

"ಎಲ್ಲಾರೂ ಚೆನ್ನಾಗಿ ಬಂದಿದೀರ ಕಣೇ. ನಾನೆಲ್ಲಿ?"

ಎಡ ಅಂಚಿನಲ್ಲಿ ಒಂದು ಭುಜ, ಹಸಿರು ಸೀರೆಯ ಸೆರಗು, ಊರುಗೋಲು ಹಿಡಿದ ಕೈ. ಅಜ್ಜಿ ಅಂತ ಉಳಿದಿದ್ದು ಅಷ್ಟೇ.

ಆ ಪ್ರವಾಸ ಹೊರಟಿದ್ದೇ ಅಜ್ಜಿಗೋಸ್ಕರ. ವಯಸ್ಸು 81, ಮಂಡಿ ನೋವು. "ಐವತ್ತು ರೂಪಾಯಿ ನೋಟಿನಲ್ಲಿ ದಿನಾ ನೋಡ್ತೀನಿ, ಒಂದ್ಸಲ ನಿಜವಾದದ್ದು ತೋರ್ಸೇ" ಅಂತ ಎರಡು ವರ್ಷದಿಂದ ಹೇಳ್ತಾನೇ ಇದ್ದರು. ಕೊನೆಗೆ ಅಪ್ಪ, ಅಮ್ಮ, ತಮ್ಮ, ನಾನು, ಅಜ್ಜಿ ಐದೂ ಜನ ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದೆವು.

ಮೊದಲು ವಿರೂಪಾಕ್ಷನ ದರ್ಶನ. ಅಲ್ಲಿ ಗರ್ಭಗುಡಿಯ ಹಿಂಬದಿಯಲ್ಲೊಂದು ಕತ್ತಲೆ ಕೋಣೆ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಎದುರು ಗೋಡೆಯ ಮೇಲೆ ಪೂರ್ವದ ಮಹಾಗೋಪುರ ತಲೆಕೆಳಗಾಗಿ ಮೂಡುತ್ತೆ. ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಒಂದು ಗೋಡೆಯ ಮೇಲೆ! ಕ್ಯಾಮೆರಾ ಕೆಲಸ ಮಾಡೋದೂ ಇದೇ ತತ್ವದ ಮೇಲೆ. ನಾನು ಅಜ್ಜಿಗೆ ಬೆಳಕು ನೇರ ಗೆರೆಯಲ್ಲಿ ಚಲಿಸುತ್ತೆ ಅಂತೆಲ್ಲ ವಿವರಿಸೋಕೆ ಹೋದೆ. ಅಜ್ಜಿ ಗೋಡೆ ಹತ್ತಿರ ಬಾಗಿ, "ತುದೀಲಿರೋ ಕಳಸಾನೂ ಬಿಟ್ಟಿಲ್ಲ ನೋಡು" ಅಂದರು. ಆ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಕೊರಿಯರ್ ಬಂದ ಮೇಲೆ.

ಮಧ್ಯಾಹ್ನ ವಿಜಯ ವಿಠ್ಠಲ ದೇವಸ್ಥಾನ. ವಾಹನ ನಿಲ್ಲಿಸುವಲ್ಲಿಂದ ಬ್ಯಾಟರಿ ಗಾಡಿ ಇದೆ. ಆದರೆ ಇಳಿದ ಮೇಲೆ ಮೆಟ್ಟಿಲು, ಆಮೇಲೆ ಬಿಸಿಲು ಕಾದ ಅಂಗಳ. ಅಜ್ಜಿ ನಾಲ್ಕು ಕಡೆ ಕೂತು, ಎದ್ದು, ಕೊನೆಗೂ ರಥದ ಮುಂದೆ ಬಂದು ನಿಂತರು. ಅದು ನಿಜಕ್ಕೂ ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಮುಂದಿರುವ ಆನೆಗಳು ಮೊದಲಿಂದ ಅಲ್ಲಿದ್ದವಲ್ಲ, ಆ ಜಾಗದಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಬಾಲ, ಹಿಂಗಾಲು ಈಗಲೂ ಕಾಣುತ್ತವೆ.

ಒಬ್ಬ ಕಾಲೇಜು ಹುಡುಗ ನಮ್ಮ ಫೋಟೊ ತೆಗೆದುಕೊಟ್ಟ. ಐದೂ ಜನ ಕಣ್ಣು ಬಿಟ್ಟಿದ್ದು ಒಂದೇ ಒಂದರಲ್ಲಿ. ಅಜ್ಜಿ ಎಡ ತುದಿಯಲ್ಲಿ ನಿಂತಿದ್ದರು. ಫೋನಿನಲ್ಲಿ ಪೂರ್ತಿ ಇದ್ದರು, ನಗ್ತಾನೂ ಇದ್ದರು.

ಹಾಗಾದರೆ ಪ್ರಿಂಟಿನಲ್ಲಿ ಎಲ್ಲಿ ಹೋದರು? ಲೆಕ್ಕ ಸುಲಭ. ಸ್ಕ್ರೀನ್ ತುಂಬ ಕಾಣಲಿ ಅಂತ ನನ್ನ ಕ್ಯಾಮೆರಾವನ್ನು 16:9ಕ್ಕೆ ಇಟ್ಟಿದ್ದೆ. 10x8 ಪ್ರಿಂಟಿನ ಅನುಪಾತ 5:4. ಉದ್ದನೆಯ ಚಿತ್ರವನ್ನು ಗಿಡ್ಡ ಕಾಗದದಲ್ಲಿ ತುಂಬಿಸಬೇಕಾದರೆ ಅಗಲದಲ್ಲಿ ಶೇಕಡ 30ರಷ್ಟು ಹೋಗಲೇಬೇಕು, ಎಡಕ್ಕೆ 15, ಬಲಕ್ಕೆ 15. ಆರ್ಡರ್ ಮಾಡುವಾಗ ಪ್ರಿವ್ಯೂ ತೋರಿಸಿತ್ತು, ನಾನು ನೋಡದೆ ನೆಕ್ಸ್ಟ್ ಒತ್ತಿದ್ದೆ. ತಮಾಷೆ ಅಂದರೆ, ಪ್ರೊಫೈಲ್ ಫೋಟೊ ಮಧ್ಯಕ್ಕೆ ಕತ್ತರಿಸುವ ಇಂಥದ್ದೇ ಕೋಡ್ ನಾನೂ ಆಫೀಸಿನಲ್ಲಿ ಬರೆದಿದ್ದೇನೆ. ಅಂಚಿನಲ್ಲಿ ಯಾರಿದ್ದಾರೆ ಅಂತ ಅದು ಕೇಳೋದಿಲ್ಲ. ಕೇಳಬೇಕಾದವಳು ನಾನು.

ಬೇಜಾರಾಗಿ ಆ ರಾತ್ರಿ ರಥದ ಹಳೇ ಫೋಟೊಗಳನ್ನು ಹುಡುಕುತ್ತಾ ಕೂತೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಯನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದ. ಅವನ ಫೋಟೊದಲ್ಲಿ ನಮ್ಮ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದನ್ನು ತೆಗೆದುಹಾಕಿದರು, ನೋಟಿನಲ್ಲಿ ನಾವು ನೋಡೋದು ಗೋಪುರವಿಲ್ಲದ ರಥ. ಗ್ರೀನ್‌ಲಾ ಆವತ್ತು ಚಕ್ರ ಚೆನ್ನಾಗಿದೆ, ಅಷ್ಟು ಸಾಕು ಅಂತ ಮೇಲ್ಭಾಗ ಬಿಟ್ಟಿದ್ದರೆ ಆ ಗೋಪುರ ನಮ್ಮ ಕಣ್ಣಿಗೆ ಬೀಳ್ತಿತ್ತಾ? ಆವತ್ತು ಮುಖ್ಯ ಅನ್ನಿಸದೇ ಇದ್ದದ್ದೇ ಮುಂದೆ ಮುಖ್ಯ ಆಗಬಹುದು.

ಹಾಗಾಗಿ ಎರಡನೇ ಸಲ ಕೂತು ಸರಿಯಾಗಿ ಮಾಡಿದೆ. ನೀವೂ ಟ್ರಿಪ್ ಫೋಟೊ ಪ್ರಿಂಟ್ ಹಾಕಿಸೋರಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ.

ಕ್ಯಾಮೆರಾ 4:3ರಲ್ಲೇ ಇರಲಿ. ಬಹುತೇಕ ಫೋನ್‌ಗಳ ಸೆನ್ಸರ್ ಆಕಾರವೇ ಅದು. 16:9 ಇಟ್ಟರೆ ತೆಗೆಯುವಾಗಲೇ ಮೇಲೆ, ಕೆಳಗೆ ಕಾಲು ಭಾಗ ಹೋಗಿರುತ್ತೆ. ಸುತ್ತ ಸ್ವಲ್ಪ ಜಾಗ ಬಿಟ್ಟೇ ತೆಗೆಯಿರಿ, ಯಾರನ್ನೂ ಅಂಚಿಗೆ ನಿಲ್ಲಿಸಬೇಡಿ. ಪ್ರಿಂಟ್ ಅಳತೆ ಮೊದಲು ತೀರ್ಮಾನಿಸಿ, ಆಮೇಲೆ ಕ್ರಾಪ್ ಮಾಡಿ. 6x4 ಅಂದರೆ 3:2, 10x8 ಅಂದರೆ 5:4. ಅದೇ ಅನುಪಾತದಲ್ಲಿ ನೀವೇ ಕತ್ತರಿಸಿ ಕಳಿಸಿದರೆ ಆ ನಿರ್ಧಾರ ಮೆಷೀನಿನ ಕೈಗೆ ಹೋಗಲ್ಲ. ಕತ್ತರಿಸೋದು ಕಾಪಿಯನ್ನು, ಒರಿಜಿನಲ್ ಹಾಗೇ ಇರಲಿ. ಫ್ರೇಮಿನ ಅಂಚೂ ಸುತ್ತ ಒಂದಿಷ್ಟು ಮುಚ್ಚುತ್ತೆ, ಅದಕ್ಕೂ ಜಾಗ ಬಿಡಿ. 10x8 ಪ್ರಿಂಟ್ ಸ್ಪಷ್ಟವಾಗಿ ಬರಲು 3000x2400 ಪಿಕ್ಸೆಲ್ ಇದ್ದರೆ ಒಳ್ಳೇದು. ವಾಟ್ಸಾಪ್‌ನಲ್ಲಿ ಬಂದ ಕಾಪಿ ಸಾಮಾನ್ಯವಾಗಿ ಕುಗ್ಗಿರುತ್ತೆ, ಒರಿಜಿನಲ್ ಫೈಲನ್ನೇ ಕೊಡಿ.

ಕತ್ತರಿಸೋಕೆ ಜಾಗವೇ ಇಲ್ಲ ಅಂದರೆ? ನನ್ನದು ಹಾಗೇ ಆಗಿತ್ತು. ಆಗ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರವನ್ನೇ ಕೂರಿಸುವ ಆಯ್ಕೆ ಇರುತ್ತೆ. ಹತ್ತು ಇಂಚಿನ ಅಗಲಕ್ಕೆ ನನ್ನ ಫೋಟೊದ ಎತ್ತರ ಐದೂವರೆ ಇಂಚಿನ ಮೇಲೆ ಸ್ವಲ್ಪ ಬಂತು. ಮೇಲೆ, ಕೆಳಗೆ ಒಂದೊಂದು ಇಂಚಿಗಿಂತ ಹೆಚ್ಚು ಬಿಳಿ ಪಟ್ಟಿ. ಎಡ ತುದಿ ಫ್ರೇಮಿನಡಿ ಹೋಗದಿರಲಿ ಅಂತ ಪಕ್ಕಕ್ಕೂ ಚೂರು ಬಿಳಿ ಬಿಡಿಸಿದೆ. ಅಮ್ಮ "ಜಾಗ ದಂಡ ಆಯ್ತಲ್ಲೇ" ಅಂದರು. ಆಗಲಿ ಅಂದೆ.

ಹೊಸದು ಬಂದ ದಿನ ಅಜ್ಜಿ ಮತ್ತೆ ಕಿಟಕಿ ಹತ್ತಿರ ಹೋದರು. ಬೆರಳಿಟ್ಟು ಎಣಿಸಿದರು. "ಒಂದು, ಎರಡು, ಮೂರು, ನಾಲ್ಕು... ಹ್ಞಾ, ಇದು ನಾನು. ಐದು. ಸರಿ ಇದೆ."

ತಮ್ಮ ಮೊಳೆ, ಸುತ್ತಿಗೆ ತಂದ. ಅಜ್ಜಿ ಮಂಚದ ಮೇಲೆ ಕೂತು ಕೈ ತೋರಿಸಿದರು: "ಅಷ್ಟು ಮೇಲೆ ಬೇಡ್ವೋ. ಕೂತ್ರೂ ನಂಗೆ ಕಾಣ್ಬೇಕು."