ಭಾನುವಾರದ ರಿಯಾಯಿತಿ

ಕಣ್ಣು ಮುಚ್ಚಿ, ಕೈ ಜೋಡಿಸಿ, ಕೊನೆಗೊಂದು ಆಮೆನ್ ಹಚ್ಚಿ ಚಾಡಿ ಹೇಳುವ ವಿದ್ಯೆಯಲ್ಲಿ ಇಡೀ ಗುರುಗುಂಟಾದಲ್ಲಿ ನನ್ನಜ್ಜಿಯನ್ನು ಮೀರಿಸಿದವರಿರಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಅವಳ ಸರದಿ ಬಂದರೆ ಚಾಪೆಯ ಮೇಲಿದ್ದವರೆಲ್ಲ ತುಸು ಮುಂದೆ ಸರಿಯುತ್ತಿದ್ದರು. “ಕರ್ತನೇ, ಹಟ್ಟಿ ಗಣಿಗೆ ಹೋಗೋ ಆ ಹುಡುಗನ್ನ ನೆನಸ್ಕೋ. ಪಗಾರಾದ ದಿನ ಮನಿ ಮುಟ್ಟೂದ್ರಾಗ ಕಿಸೇದಾಗ ಎಷ್ಟ್ ಉಳಿದಿರ್ತೈತಿ, ನಿನಗ ಗೊತ್ತೈತಿ. ಹೇಣ್ತಿ ಯಾಕ ತವರಿಗೆ ಹೋದ್ಳು, ಅದೂ ನಿನಗ ಗೊತ್ತೈತಿ.” ದೇವರಿಗೆ ಮಾತ್ರ ಗೊತ್ತಿದ್ದದ್ದು ಕೂಟ ಮುಗಿಯುವಷ್ಟರಲ್ಲಿ ಓಣಿಗೆಲ್ಲ ಗೊತ್ತಾಗುತ್ತಿತ್ತು. ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅಷ್ಟು ಮರ್ಯಾದಸ್ಥೆ.

ಇದೇ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೆಥೋಲಿಕರಿಗೆ ಪಾಪನಿವೇದನೆಯ ಅನುಕೂಲವಿದೆ. ಫಾದರ್ ಕಿವಿಗೆ ಬಿದ್ದದ್ದು ಅಲ್ಲಿಂದ ಹೊರಗೆ ಬರುವಂತಿಲ್ಲ. ನಾವು ಪ್ರೊಟೆಸ್ಟಂಟರು, ನೇರ ದೇವರಿಗೇ ಹೇಳಬೇಕು. ಅಜ್ಜಿ ತುಸು ಗಟ್ಟಿಯಾಗಿ ಹೇಳುತ್ತಿದ್ದಳು, ಅಷ್ಟೆ.

ಪಾಸ್ಟರಿಗೆ ಇದೆಲ್ಲ ತಿಳಿಯದ್ದೇನಲ್ಲ. ಒಂದು ಸಲ ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯ ತೆಗೆದು ನಾಲಗೆಯ ಮೇಲೆ ಪ್ರಸಂಗ ಮಾಡಿದರು. ಕುದುರೆಯ ಬಾಯಿಗೆ ಕಡಿವಾಣ, ಹಡಗಿಗೆ ಚುಕ್ಕಾಣಿ, ಕಾಡು ಸುಡುವ ಕಿಡಿ, ಎಲ್ಲ ಬಂತು. ಅಜ್ಜಿ ಹೊರಗೆ ಚಪ್ಪಲಿ ಮೆಟ್ಟುತ್ತ, “ನಮ್ಮ ಕೃಷ್ಣಾ ಹೊಳಿ ಹರಿಗೋಲಿಗೆ ಚುಕ್ಕಾಣಿ ಎಲ್ಲೈತ್ರೀ ಅಯ್ಯನೋರ?” ಎಂದಳು. ಗುಂಡನೆಯ ಹರಿಗೋಲಿಗೆ ನಿಜಕ್ಕೂ ಚುಕ್ಕಾಣಿ ಇರುವುದಿಲ್ಲ. ಪಾಸ್ಟರು ಛತ್ರಿ ಹುಡುಕತೊಡಗಿದರು.

ಆದರೂ ಆ ವರ್ಷ ಲೆಂಟಿನ 40 ದಿನದ ಉಪವಾಸಕ್ಕೆ ಒಬ್ಬರು ಮಾಂಸ, ಇನ್ನೊಬ್ಬರು ಚಹಾ ಬಿಟ್ಟಾಗ ಅಜ್ಜಿ ಚಾಡಿ ಬಿಟ್ಟಳು. ಅಮರೇಶ್ವರನ ಜಾತ್ರೆಯೂ ಹೆಚ್ಚೂಕಡಿಮೆ ಆ ಹೊತ್ತಿಗೇ ಬರುತ್ತದೆ. ಎತ್ತುಗಳ ಜೊತೆ ಹತ್ತೂರಿನ ಸುದ್ದಿಯೂ ಬಂದಿಳಿಯುವ ಕಾಲ. ಅಂಥ ಸುಗ್ಗಿಯಲ್ಲಿ ಬಾಯಿ ಕಟ್ಟುವುದೆಂದರೆ ಸಣ್ಣ ತಪಸ್ಸಲ್ಲ. ಮುಖ ಬಾಡಿತು, ಊಟ ಸೇರಲಿಲ್ಲ. ನೋಡಲಾರದೆ ನನ್ನಪ್ಪ ಲೆಕ್ಕ ಹೇಳಿಕೊಟ್ಟರು: ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. 40 ಆಗುವುದು ನಡುವಿನ 6 ಭಾನುವಾರ ಬಿಟ್ಟಾಗ. ಭಾನುವಾರ ಉಪವಾಸವಿಲ್ಲ.

ಆಮೇಲೆ ಆರು ದಿನದ ಬಾಕಿ ಏಳನೆಯ ದಿನ ಬಡ್ಡಿಸಮೇತ ತೀರುತ್ತಿತ್ತು.

ನಗುತ್ತ ಬರೆದೆನೆಂದು ಅವಳ ನಾಲಗೆ ಯಾರನ್ನೂ ಸುಡಲಿಲ್ಲವೆಂದಲ್ಲ. ಆ ಗಣಿಯ ಹುಡುಗನ ತಾಯಿ ಬಹಳ ದಿನ ಕೂಟಕ್ಕೆ ಬರಲಿಲ್ಲ. ಅವರ ಮನೆಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ, ಬೈಸಿಕೊಂಡು, ಬಾಗಿಲಲ್ಲೇ ಕೂತವಳೂ ಅಜ್ಜಿಯೇ. ಮಸ್ಕಿ ಬಸ್ಸು ಹತ್ತಿ ಸೊಸೆಯನ್ನು ತವರಿನಿಂದ ಕರೆತಂದವಳೂ ಅವಳೇ. ಹಾಗಂತ ಚಾಡಿ ಪುಣ್ಯವಾಗುವುದಿಲ್ಲ. ಆದರೆ ಅದಕ್ಕೊಂದು ಮುಖವಿತ್ತು, ಬೈಯಲು ಸಿಗುತ್ತಿತ್ತು.

ಈಗ ಕೂಟ ವಾಟ್ಸಾಪಿನಲ್ಲಿದೆ. ‘ಪ್ರಾರ್ಥನೆಗೆ ಬಿನ್ನಹ’ ಎಂದು ಶುರುವಾಗಿ, ಯಾರದೋ ಮನೆಯ ಜಗಳ ಹೆಸರು ಸಮೇತ ಸಿಂಧನೂರು, ಬೆಂಗಳೂರು ದಾಟಿ ದುಬೈವರೆಗೆ ಹೋಗುತ್ತದೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಿಮ್ಮ ಗುಂಪಿಗೂ ಅಂಥದ್ದು ಬಂದರೆ ಕೈಮುಗಿಯುವ ಮೊದಲು ಕಳಿಸಿದವರನ್ನು ಒಂದು ಮಾತು ಕೇಳಿ: ಅವರ ಮನೆಗೆ ಹೋಗಿದ್ದಿರೇನ್ರೀ?